‘ಡೇರ್’ ಅನ್ನೂಕಿಂತ ಮೊದಲ

ತಂಗೀ, ಇಂಗ್ಲಿಷ್ ಪಾಠದಾಗ ‘ಡೇರ್’ ಬಂತು, ಮಾಸ್ತರು ‘ಧೈರ್ಯ ಮಾಡು’ ಅಂತ ಅರ್ಥ ಬರೆಸಿದರು ಅಂದಿ. ಅಷ್ಟಕ್ಕ ಬಿಟ್ಟರ, ನಾಳೆ ಸಾಲಹಳ್ಳಿ ದಾಟಿ ಬೆಳಗಾವಿ ಕಾಲೇಜಿಗೆ ಹೋದಾಗ ತೊಡಕಾಗತೈತಿ. ಅದಕ್ಕ ಈ ನಾಕು ಮಾತು.

• ಮೊದಲ ಕಿತ್ತೂರಿನ ಕತಿ ನೆನಸಕೋ. 1824ರಾಗ ಅಲ್ಲಿನ ದೊರಿ ಶಿವಲಿಂಗರುದ್ರ ಸರ್ಜ ತೀರಿಕೊಂಡ ಮ್ಯಾಲ, ದತ್ತಕ ಮಗನ್ನ ಒಪ್ಪೂದಿಲ್ಲ ಅಂತ ಈಸ್ಟ್ ಇಂಡಿಯಾ ಕಂಪನಿಯ ಧಾರವಾಡ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಸೀಲು ಹಾಕಿಸಿದ. ಕಂಪನಿ ಬಲ ಎಷ್ಟಂತ ಗೊತ್ತಿದ್ದೂ ರಾಣಿ ಚನ್ನಮ್ಮ ಬಗ್ಗಲಿಲ್ಲ. ‘ಚನ್ನಮ್ಮ ಡೇರ್ಡ್ ಟು ರಿಫ್ಯೂಸ್’ ಅಂತ ಬರಿ. ಕೆಲಸ ಅಂಜಿಕಿ ಬರೂವಂಥಾದ್ದಿರಬೇಕು, ಆಗಷ್ಟ ಈ ಶಬ್ದ ಒಪ್ಪತೈತಿ. ‘ಐ ಡೇರ್ಡ್ ಟು ಈಟ್’ ಅಂದರ ಅಡಿಗಿ ಮಾಡಿದ ನಿಮ್ಮವ್ವ ಸಿಟ್ಟಾಗತಾಳ! ಅಕ್ಟೋಬರ್ 23ರ ಕಾಳಗದಾಗ ಥ್ಯಾಕರೆ ಸತ್ತ. ಸೆರಿ ಸಿಕ್ಕ ಕಂಪನಿ ಅಧಿಕಾರಿಗಳಾದ ಎಲಿಯಟ್, ಸ್ಟೀವನ್‌ಸನ್ ಇಬ್ಬರನ್ನೂ ಕೊಲ್ಲಲಿಲ್ಲ, ಡಿಸೆಂಬರಿನಾಗ ಬಿಟ್ಟು ಕಳಿಸಿದರು. ನನ್ನ ಕೇಳಿದರ, ಹಂಗ ಬಿಡಾಕೂ ಎದಿ ಬೇಕು. ಅದ ತಿಂಗಳು ಕಿತ್ತೂರಿನ ಕೋಟಿ ಬಿತ್ತು. ರಾಣಿ 1829ರಾಗ ಬೈಲಹೊಂಗಲದ ಸೆರಿಯೊಳಗ ತೀರಿಕೊಂಡಳು. ಸೋತರೂ ಆ ‘ಡೇರ್ಡ್’ ವಾಕ್ಯ ಬದಲಾಗೂದಿಲ್ಲ.

• ‘ಶೀ ಡೇರ್ಸ್ ಟು ಆಸ್ಕ್’ ಅನ್ನುವಾಗ ‘ಎಸ್’ ಬೇಕು, ‘ಟು’ ಬೇಕು. ‘ಶೀ ಡೇರ್ ನಾಟ್ ಆಸ್ಕ್’ ಅನ್ನುವಾಗ ಎರಡೂ ಬ್ಯಾಡ. ಪರೀಕ್ಷಾದಾಗ ಎರಡನ್ನೂ ಕಲಸಬ್ಯಾಡ.

• ‘ಹೌ ಡೇರ್ ಯು’ ಅನ್ನೂದು ಹೊಗಳಿಕಿ ಅಲ್ಲ, ‘ಎಷ್ಟು ಸೊಕ್ಕು ನಿನಗ’ ಅಂತ. ಚಿಲ್ಲರ ಕೊಡದ ಕಂಡಕ್ಟರಿಗೆಲ್ಲ ಇದನ್ನ ಅನ್ನಬ್ಯಾಡ. ಮೈ ಮುಟ್ಟಾಕ ಬಂದವಗ ಅನ್ನು, ಇಡೀ ಬಸ್ಸಿಗೆ ಕೇಳೂವಂಗ ಅನ್ನು. ಸ್ವೀಡನ್ನಿನ ಗ್ರೇಟಾ ಥುನ್‌ಬರ್ಗ್ 16 ವರ್ಷದಾಕಿ ಇದ್ದಾಗ, 2019ರಾಗ, ವಿಶ್ವಸಂಸ್ಥೆಯೊಳಗ ಜಗತ್ತಿನ ದೊಡ್ಡವರಿಗೆಲ್ಲ ಇದನ್ನ ಅಂದಳು.

• ಗೆಳತ್ಯಾರು ‘ಐ ಡೇರ್ ಯು’ ಅಂದರ ಅದು ಪಂಥ. ಹೊಳಿಗೆ ಇಳಿ ಅಂದರಂತೂ ಹುಷಾರ್. ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ಮಲಪ್ರಭಾ ಹೊಳಿ ಹೆಂಗ ಬರತಾಳಂತ 2019ರ ಆಗಸ್ಟಿನಾಗ ರಾಮದುರ್ಗ ಕಂಡೈತಿ. ಪಂಥ ಹಾಕಿದವರು ಮೊಬೈಲ್ ಹಿಡಕೊಂಡು ದಂಡಿ ಮ್ಯಾಲ ನಿಂತಿರತಾರ. ‘ನೀನ ಮೊದಲ ಇಳಿ’ ಅನ್ನು, ಮನಿಗೆ ಬಾ.

• ‘ಐ ಡೇರ್ ಸೇ’ಯಾಗ ಧೈರ್ಯದ ಸುದ್ದೀನ ಇಲ್ಲ. ‘ಇದ್ದೀತು ಬಿಡು’ ಅಂದಂಗ, ಅಷ್ಟ. ಹಳೇ ಇಂಗ್ಲಿಷ್ ಕಾದಂಬರಿಯಾಗ ಭಾಳ ಸಿಗತೈತಿ. ಓದಿ ಮುಂದ ಹೋಗು.