ಶಾಂತಿನಿಕೇತನದ ವೃಕ್ಷಾರೋಪಣ

ಇಂದು ತೋಪುಗಳಿಂದ ತುಂಬಿರುವ ಶಾಂತಿನಿಕೇತನವು ಒಂದು ಕಾಲಕ್ಕೆ ಬಟ್ಟಬಯಲಾಗಿತ್ತೆಂದರೆ ನಂಬುವುದು ಕಷ್ಟ. ಬಂಗಾಳದ ಬೋಲಪುರದ ಬಳಿಯ ಆ ನೆಲ ಕೆಮ್ಮಣ್ಣಿನದು; ಮಳೆಯ ನೀರು ಕೊರೆದ ಅಲ್ಲಿನ ಕೊರಕಲುಗಳಿಗೆ ಖೋವಾಯಿ ಎಂದು ಹೆಸರು. ಮಹರ್ಷಿ ದೇವೇಂದ್ರನಾಥ ಠಾಕೂರರು ಆ ಬಯಲಿನಲ್ಲಿ ಎರಡು ಛಾತಿಮ್ ಮರಗಳ ನೆರಳಿಗೆ ಮನಸೋತು, 1863ರಲ್ಲಿ ಇಪ್ಪತ್ತು ಬಿಘಾ ಭೂಮಿಯನ್ನು ಪಡೆದರು.

ಛಾತಿಮ್ ಎಂದರೆ ಸಪ್ತಪರ್ಣ, ನಮ್ಮ ಹಾಲೆಮರ. ಮುಂಬಯಿಯ ಬೀದಿಗಳಲ್ಲಿ ಶರತ್ಕಾಲದ ಸಂಜೆ ತಲೆ ಭಾರವಾಗುವಷ್ಟು ಗಂಧ ಬೀರುವುದೂ ಇದೇ. ಕರಾವಳಿಯಿಂದ ಬಂದ ನಮ್ಮ ಮನೆಗಳಲ್ಲಿ ಆಟಿ ಅಮಾವಾಸ್ಯೆಯಂದು ಮುಖ ಸಿಂಡರಿಸಿಕೊಂಡು ಕುಡಿಯುವ ಕಷಾಯ ಇದರ ತೊಗಟೆಯದೇ. ವಿಶ್ವಭಾರತಿಯ ಪದವೀಧರರಿಗೆ ಈ ಮರದ ಎಲೆಗೊಂಚಲನ್ನು ನೀಡುವ ಸಂಪ್ರದಾಯ ಬೆಳೆದುಬಂದಿತು.

1928ರ ಜುಲೈ 14ರಂದು ರವೀಂದ್ರರು ಅಲ್ಲಿ ವೃಕ್ಷಾರೋಪಣದ ಉತ್ಸವವನ್ನು ಆರಂಭಿಸಿದರು. ಸೊಸೆ ಪ್ರತಿಮಾದೇವಿಯವರ ಕುಂಡದಲ್ಲಿದ್ದ ಬಕುಲದ ಸಸಿಯೇ (ನಾವು ರೆಂಜೆ ಎನ್ನುವುದು ಇದನ್ನೇ) ಅಂದಿನ ಅತಿಥಿ. ಅದನ್ನು ಪಲ್ಲಕ್ಕಿಯಲ್ಲಿ ಕುಳ್ಳಿರಿಸಿ, ಹಾಡು ನರ್ತನಗಳೊಡನೆ ಮೆರವಣಿಗೆಯಲ್ಲಿ ತಂದರು. ವಿಧುಶೇಖರ ಶಾಸ್ತ್ರಿಗಳು ಸಂಸ್ಕೃತ ಶ್ಲೋಕಗಳನ್ನು ಪಠಿಸಿದರು. ಪಂಚಭೂತಗಳಲ್ಲಿ ಒಂದೊಂದಕ್ಕೂ ಕವಿಗಳು ಒಂದೊಂದು ಪದ್ಯವನ್ನು ರಚಿಸಿದ್ದರು. ದೇವರಿಗೂ ಮದುವಣಿಗರಿಗೂ ಮೀಸಲಾದ ಪಲ್ಲಕ್ಕಿಯಲ್ಲಿ ಗೇಣುದ್ದದ ಗಿಡವನ್ನು ಕೂರಿಸಿದ್ದು ಸಾಮಾನ್ಯ ಸಂಗತಿಯಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾವು ಇದನ್ನು ಒಂದು ಸೊಗಸಾದ ಸಮಾರಂಭವೆಂದು ಬಗೆದು ಸುಮ್ಮನಾಗಬಹುದಿತ್ತು. ಆದರೆ ಆ ದಿನ ಕವಿಗಳು ‘ಬಲಾಯಿ’ ಎಂಬ ಕಥೆಯನ್ನೂ ಓದಿದರು. ತಾಯಿಯಿಲ್ಲದ ಬಾಲಕ ಬಲಾಯಿಗೆ ತೋಟದ ದಾರಿಯ ನಡುವೆ ತಾನೇ ಹುಟ್ಟಿದ ಬೂರುಗದ ಸಸಿಯ ಮೇಲೆ ಪ್ರಾಣ. ಅದನ್ನು ಕೀಳಬಾರದೆಂದು ಚಿಕ್ಕಮ್ಮನ ಮೂಲಕ ಚಿಕ್ಕಪ್ಪನನ್ನು ಬೇಡುತ್ತಾನೆ. ಮುಂದೆ ತಂದೆ ಅವನನ್ನು ಸಿಮ್ಲಾಕ್ಕೆ ಕರೆದೊಯ್ಯುತ್ತಾನೆ. ವಿಲಾಯಿತಿಗೆ ಹೊರಡುವ ಮುನ್ನ ಹುಡುಗ ತನ್ನ ಮರದ ಚಿತ್ರವೊಂದನ್ನು ಕಳುಹಿಸಿರೆಂದು ಕಾಗದ ಬರೆಯುತ್ತಾನೆ. ಅಷ್ಟರಲ್ಲಿ ಚಿಕ್ಕಪ್ಪ ಅದನ್ನು ಕಡಿಸಿಯಾಗಿತ್ತು. ಚಿಕ್ಕಮ್ಮ ಎರಡು ದಿನ ಅನ್ನ ಮುಟ್ಟಲಿಲ್ಲ. ಗಿಡ ನೆಡುವ ದಿನ ಕಡಿದ ಮರದ ಕಥೆಯನ್ನು ಓದಿದ್ದನ್ನು ನಾವು ಆಕಸ್ಮಿಕವೆಂದು ತಿಳಿಯಲಾರೆವು.

ರವೀಂದ್ರರು 1941ರ ಆಗಸ್ಟ್ 7ರಂದು, ಬಂಗಾಳಿ ಪಂಚಾಂಗದ ಶ್ರಾವಣ 22ರಂದು, ತೀರಿಕೊಂಡರು. ಅನಂತರ ಅವರ ಪುಣ್ಯತಿಥಿಯೇ ಶಾಂತಿನಿಕೇತನದಲ್ಲಿ ಸಸಿ ನೆಡುವ ದಿನವಾಯಿತು. ಮಳೆಗಾಲದ ನಡುವೆ ಬರುವ ಆ ದಿನ ಎಳೆಯ ಬೇರುಗಳಿಗೂ ಅನುಕೂಲವಾದುದೇ.

ಮಹರ್ಷಿಗಳಿಗೆ ನೆರಳಿತ್ತ ಆ ಎರಡು ಹಳೆಯ ಮರಗಳು ಈಗಿಲ್ಲ. ಅವು ಸತ್ತ ಮೇಲೆ ಅದೇ ಸ್ಥಳದಲ್ಲಿ ಬೇರೆರಡು ಛಾತಿಮ್ ಸಸಿಗಳನ್ನು ನೆಟ್ಟರು. ಬೇಲಿಯೊಳಗಿನ ಆ ಜಾಗವನ್ನು ಜನ ಇಂದಿಗೂ ಛಾತಿಮ್‌ತಲಾ ಎಂದೇ ಕರೆಯುತ್ತಾರೆ.