ವಸಿಯ್ಯತ್: ಮೂರರಲ್ಲೊಂದು ಪಾಲು ಮತ್ತು ನಾಮಿನಿಯ ಹೆಸರು

ವಿದಾಯ ಹಜ್ಜ್‌ನ ವರ್ಷ ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಮಕ್ಕಾದಲ್ಲಿ ತೀವ್ರ ಕಾಯಿಲೆ ಬಿದ್ದರು. ನೋಡಲು ಬಂದ ಪ್ರವಾದಿವರ್ಯರಲ್ಲಿ(ಸ) ಅವರು ಒಂದು ವಿಷಯ ಕೇಳಿದರು. ತನ್ನ ಬಳಿ ಸಂಪತ್ತು ಧಾರಾಳವಿದೆ, ವಾರಸುದಾರಳೆಂದು ಇರುವುದು ಒಬ್ಬಳೇ ಮಗಳು; ಮೂರರಲ್ಲಿ ಎರಡು ಪಾಲನ್ನು ದಾನ ಮಾಡಿಬಿಡಲೇ? ಬೇಡವೆಂದರು. ಅರ್ಧ? ಅದೂ ಬೇಡ. ಮೂರರಲ್ಲೊಂದು? ಆಗಬಹುದು, ಆದರೆ ಅದೂ ಹೆಚ್ಚೇ ಎಂದರು ಪ್ರವಾದಿ(ಸ). ವಾರಸುದಾರರನ್ನು ಜನರ ಮುಂದೆ ಕೈಚಾಚುವ ಸ್ಥಿತಿಯಲ್ಲಿ ಬಿಡುವುದಕ್ಕಿಂತ ಅನುಕೂಲಸ್ಥರಾಗಿ ಬಿಟ್ಟು ಹೋಗುವುದು ಮೇಲು ಎಂದು ಕಾರಣವನ್ನೂ ತಿಳಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ಹ. ಇಬ್ನು ಅಬ್ಬಾಸ್(ರ) ಅವರಂತೂ ಜನರು ಮೂರನೆಯ ಒಂದರಿಂದ ನಾಲ್ಕನೆಯ ಒಂದಕ್ಕೆ ಇಳಿದರೆ ಒಳ್ಳೆಯದೆಂದು ಬಯಸುತ್ತಿದ್ದರು. ಹನಫೀ ಇರಲಿ, ಶಾಫಿಈ ಇರಲಿ, ಈ ಮಿತಿಯಲ್ಲಿ ಭಿನ್ನಾಭಿಪ್ರಾಯವಿಲ್ಲ.

ಆದರೆ ನಮ್ಮ ಮನೆಗಳಲ್ಲಿ ಮೂರನೆಯ ಒಂದು ಪಾಲಿನ ಮಾತು ಹಾಗಿರಲಿ, ವಸಿಯ್ಯತ್ ಎಂಬ ಹೆಸರೆತ್ತಿದರೇ ಹಿರಿಯರ ಮುಖ ಬಾಡುತ್ತದೆ. ಮೃತ್ಯುಪತ್ರ ಬರೆಸಿದರೆ ಮೃತ್ಯುವನ್ನೇ ಕರೆದಂತೆ ಎಂದು ಭಾವಿಸುವವರಿದ್ದಾರೆ. ವಸಿಯ್ಯತ್ ಮಾಡಬೇಕಾದ ವಸ್ತುವುಳ್ಳ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಇದನ್ನು ವರದಿ ಮಾಡಿದ ಹ. ಇಬ್ನು ಉಮರ್(ರ), ಅದನ್ನು ಕೇಳಿದಂದಿನಿಂದ ತನ್ನ ವಸಿಯ್ಯತ್ ಇಲ್ಲದೆ ಒಂದು ರಾತ್ರಿಯನ್ನೂ ಕಳೆದಿಲ್ಲ ಎಂದಿದ್ದಾರೆ.

ಬರೆಯದಿದ್ದರೆ ಏನಾಗುತ್ತದೆ? 'ಆ ಎರಡು ಗುಂಟೆ ಮಸೀದಿಗೆ ಅಂತ ಅಬ್ಬಾ ಹೇಳುತ್ತಿದ್ದರು' ಎಂದು ಒಬ್ಬ ಮಗ ಹೇಳುತ್ತಾನೆ, 'ನನ್ನ ಮುಂದೆ ಹೇಳಲಿಲ್ಲ' ಎಂದು ಇನ್ನೊಬ್ಬ. ಮುಸ್ಲಿಮರ ವಸಿಯ್ಯತ್ ಬಾಯಿಮಾತಿನದಾದರೂ ನಮ್ಮ ದೇಶದ ಕಾನೂನು ಅದನ್ನು ಒಪ್ಪುತ್ತದೆ ಎಂಬುದು ನಿಜ. ಆದರೆ ಅದನ್ನು ರುಜುವಾತುಪಡಿಸುವ ಹೊಣೆ ಹಾಗೆಂದು ಹೇಳುವವನ ಮೇಲಿರುತ್ತದೆ. ವಸಿಯ್ಯತ್ತನ್ನು ಕೇಳಿಸಿಕೊಂಡ ಮೇಲೆ ಬದಲಾಯಿಸಿದವರ ಮೇಲೆಯೇ ಅದರ ಪಾಪವಿದೆ ಎಂದು ಅಲ್‌ಬಕರಃ ಅಧ್ಯಾಯದ 181ನೆಯ ಸೂಕ್ತ ಎಚ್ಚರಿಸುತ್ತದೆ. ಲಕ್ಷ್ಮೇಶ್ವರದ, ಅಂದರೆ ಹಳೆಯ ಪುಲಿಗೆರೆಯ, ಶಿಲಾಶಾಸನಗಳನ್ನು ನೋಡಿದವರಿಗೆ ಗೊತ್ತು: ಬಸದಿಗೂ ದೇಗುಲಕ್ಕೂ ಭೂಮಿ ಬಿಟ್ಟವರು ಎಲ್ಲೆಕಟ್ಟುಗಳನ್ನು ಕಲ್ಲಿನಲ್ಲಿ ಕೊರೆಸಿ, ಆ ದಾನವನ್ನು ಅಪಹರಿಸುವವರಿಗೆ ಶಾಪವನ್ನೂ ಬರೆಸುತ್ತಿದ್ದರು. ದಾನ ಕೊಟ್ಟವನು ತೀರಿಕೊಂಡ ಮೇಲೆ ಅದಕ್ಕೆ ಕಾವಲು ಬೇಕೆಂಬುದು ಈ ನೆಲ ಬಹಳ ಹಿಂದೆಯೇ ಅರಿತ ಸಂಗತಿ.

ಈಗ ಲೆಕ್ಕಕ್ಕೆ ಬರೋಣ. ಅನ್ನಿಸಾ ಅಧ್ಯಾಯದ 11 ಮತ್ತು 12ನೆಯ ಸೂಕ್ತಗಳು ವಾರಸು ಪಾಲನ್ನು ವಿವರಿಸುವಾಗ, ಅದು ವಸಿಯ್ಯತ್ ಮತ್ತು ಸಾಲ ತೀರಿದ ಮೇಲಿನದು ಎಂದು ಮತ್ತೆ ಮತ್ತೆ ನೆನಪಿಸುತ್ತವೆ. ಬೆಟಗೇರಿಯ ಒಬ್ಬ ಸೀರೆ ವ್ಯಾಪಾರಿ ಎಂದಿಟ್ಟುಕೊಳ್ಳಿ. ತಂದೆತಾಯಿ ಇಲ್ಲ, ಪತ್ನಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳಿದ್ದಾರೆ. ಮನೆ, ಅಂಗಡಿ, ಬ್ಯಾಂಕಿನ ಠೇವಣಿ ಎಲ್ಲ ಸೇರಿ 15 ಲಕ್ಷ ರೂಪಾಯಿ. ಕಫನ್-ದಫನ್ ಖರ್ಚು, ಸೊಸೈಟಿಯ ಸಾಲ, ಕೊಡದೆ ಉಳಿಸಿಕೊಂಡ ಪತ್ನಿಯ ಮಹ್ರ್ ಇವೆಲ್ಲ ಸೇರಿ 3 ಲಕ್ಷ. (ಮಹ್ರ್ ಕೂಡ ಸಾಲವೇ. ಮಯ್ಯಿತ್ ಎದುರು ಪತ್ನಿಯಿಂದ 'ಮಾಫ್' ಹೇಳಿಸುವ ರೂಢಿ ಕೆಲವೆಡೆ ಇದೆ. ಆ ಘಳಿಗೆಯಲ್ಲಿ ಯಾವ ಹೆಣ್ಣುಮಗಳು ಇಲ್ಲ ಎನ್ನಬಲ್ಲಳು?) ಉಳಿದದ್ದು 12 ಲಕ್ಷ. ಆತ 5 ಲಕ್ಷವನ್ನು ಮದ್ರಸಾಕ್ಕೆ ಬರೆದಿಟ್ಟಿದ್ದಾನೆ. ಮೂರನೆಯ ಒಂದೆಂದರೆ 4 ಲಕ್ಷ. ಅಷ್ಟು ಮಾತ್ರ ನಿರಾತಂಕವಾಗಿ ಸಲ್ಲುತ್ತದೆ. ಮೇಲಿನ 1 ಲಕ್ಷ ವಾರಸುದಾರರು ಒಪ್ಪಿದರೆ ಮಾತ್ರ. ಹನಫೀ ಮದ್ಹಬ್‌ನಂತೆ ಆ ಒಪ್ಪಿಗೆ ಆತನ ಮರಣಾನಂತರ ಕೊಟ್ಟದ್ದಾಗಿರಬೇಕು. ಅವರು ಒಪ್ಪಲಿಲ್ಲವೆಂದರೆ 8 ಲಕ್ಷ ಉಳಿಯಿತು. ಎಂಟನೆಯ ಒಂದು, ಅಂದರೆ 1 ಲಕ್ಷ ಪತ್ನಿಗೆ. ಮಿಕ್ಕ 7 ಲಕ್ಷದಲ್ಲಿ ಗಂಡುಮಕ್ಕಳಿಗೆ ತಲಾ 2 ಲಕ್ಷ, ಹೆಣ್ಣುಮಕ್ಕಳಿಗೆ ತಲಾ 1 ಲಕ್ಷ.

ಇಲ್ಲಿಯೇ ನಾಮಿನಿಯ ತಕರಾರು ಹುಟ್ಟುವುದು. ಆ 15 ಲಕ್ಷದಲ್ಲಿ 6 ಲಕ್ಷ ಬ್ಯಾಂಕಿನಲ್ಲಿದೆ, ನಾಮಿನಿಯಾಗಿ ಹಿರಿಯ ಮಗನ ಹೆಸರಿದೆ. 'ಅಬ್ಬಾ ನನ್ನ ಹೆಸರಿಗೆ ಬರೆದಿದ್ದಾರೆ' ಎಂದು ಆತ ಹಣವನ್ನೆಲ್ಲ ಇಟ್ಟುಕೊಂಡರೆ ಅದು ತಾಯಿಯ, ತಮ್ಮನ, ತಂಗಿಯರ ಹಕ್ಕನ್ನು ನುಂಗಿದಂತೆ. ಬ್ಯಾಂಕು ನಾಮಿನಿಯ ಕೈಗೆ ಹಣ ಕೊಡುವುದು ತನ್ನ ಹೊಣೆ ಕಳೆದುಕೊಳ್ಳಲು. ಹಣದ ಒಡೆತನ ವಾರಸುದಾರರದೇ ಎಂದು ಸುಪ್ರೀಮ್ ಕೋರ್ಟು 2010ರಲ್ಲಿ ಹೇಳಿದೆ. ಕಂಪೆನಿ ಷೇರುಗಳ ಬಗ್ಗೆಯೂ 2023ರಲ್ಲಿ ಇದೇ ತೀರ್ಪು ಬಂತು. ಇನ್ನು ವಿಮೆ. ಅದು ಧರ್ಮಸಮ್ಮತವೇ ಎಂಬ ಚರ್ಚೆ ಇಲ್ಲಿ ಬೇಡ, ಮಾಡಿಸಿದವರ ಮನೆಯ ಪ್ರಶ್ನೆಯಷ್ಟೇ ನೋಡೋಣ. 1983ರಲ್ಲಿ ಸುಪ್ರೀಮ್ ಕೋರ್ಟು ವಿಮೆಯ ನಾಮಿನಿಯನ್ನೂ ಹಣ ಪಡೆಯುವ ಕೈ ಮಾತ್ರವೆಂದಿತ್ತು. 2015ರ ತಿದ್ದುಪಡಿ ಕಾಯ್ದೆಯು ತಂದೆತಾಯಿ, ಪತಿ-ಪತ್ನಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರಿಗೇ ಸಲ್ಲುತ್ತದೆಂಬ ಮಾತನ್ನು ಸೇರಿಸಿತು. ಆದರೆ ಅದು ವಾರಸು ಕಾನೂನನ್ನು ಮೀರುವುದಿಲ್ಲ, ಉಳಿದ ವಾರಸುದಾರರು ಪಾಲು ಕೇಳಬಹುದೆಂದು ನಮ್ಮ ಹೈಕೋರ್ಟಿನ ಧಾರವಾಡ ಪೀಠ 2025ರಲ್ಲಿ ತೀರ್ಪಿತ್ತಿದೆ. ಕೋರ್ಟು ಏನೇ ಹೇಳಲಿ, ವಿಶ್ವಾಸಿಗೆ ನಾಮಿನಿಯ ಹಣ ಅಮಾನತ್ತೇ ಆಗಿದೆ.

2025ರ ನವೆಂಬರ್ 1ರಿಂದ ಬ್ಯಾಂಕಿನಲ್ಲಿ ನಾಲ್ವರವರೆಗೆ ನಾಮಿನಿ ಹಾಕಬಹುದು, ಠೇವಣಿಗೆ ಅವರವರ ಶೇಕಡಾವಾರು ಪಾಲನ್ನೂ ಬರೆಯಬಹುದು. ಇದರಿಂದಲೂ ವಾರಸು ಪಾಲು ಬದಲಾಗದು. ಇನ್ನೊಂದು ಸಂಗತಿ: ಬ್ಯಾಂಕು ವ್ಯಕ್ತಿಗಳನ್ನು ಮಾತ್ರ ನಾಮಿನಿಯೆಂದು ಸ್ವೀಕರಿಸುತ್ತದೆ, ಮಸೀದಿ, ಯತೀಮ್‌ಖಾನೆಯ ಹೆಸರು ಹಾಕಲಾಗದು. ಆದ್ದರಿಂದ ದಾನದ ಇಚ್ಛೆಯುಳ್ಳವರಿಗೆ ನಾಮಿನಿಯ ಅರ್ಜಿ ಸಾಲದು, ವಸಿಯ್ಯತ್ ಬೇಕೇ ಬೇಕು.

ವಸಿಯ್ಯತ್ ಯಾರಿಗೆ? ವಾರಸುದಾರನಿಗೆ ವಸಿಯ್ಯತ್ ಇಲ್ಲ ಎಂದು ಪ್ರವಾದಿ(ಸ) ಸ್ಪಷ್ಟಪಡಿಸಿದ್ದಾರೆ. ದಾನವೆಂದೊಡನೆ ನಮ್ಮವರಿಗೆ ಮಿನಾರವೇ ಮೊದಲು ನೆನಪಾಗುತ್ತದೆ. ಮನೆಯೊಳಗೇ ಒಂದು ಮಗು ಇರಬಹುದು: ಅದರ ತಂದೆ ಅಜ್ಜನಿಗಿಂತ ಮೊದಲೇ ತೀರಿಕೊಂಡಿದ್ದಾನೆ. ಚಿಕ್ಕಪ್ಪ ದೊಡ್ಡಪ್ಪಂದಿರು ಬದುಕಿರುವುದರಿಂದ ಆ ಯತೀಮ್ ಮೊಮ್ಮಗನಿಗೆ ಅಜ್ಜನ ಆಸ್ತಿಯಲ್ಲಿ ವಾರಸು ಪಾಲಿಲ್ಲ. ಶರೀಅತ್ ಅವನನ್ನು ಬೀದಿಗೆ ಬಿಟ್ಟಿತು ಎನ್ನುವವರು, ಅಜ್ಜನ ಕೈಯಲ್ಲಿ ಮೂರನೆಯ ಒಂದು ಪಾಲನ್ನು ಶರೀಅತ್ತೇ ಇರಿಸಿದೆ ಎಂಬುದನ್ನು ಮರೆಯುತ್ತಾರೆ. ಈಜಿಪ್ಟ್ 1946ರ ಕಾನೂನಿನಲ್ಲಿ ಇಂಥ ಮೊಮ್ಮಕ್ಕಳಿಗಾಗಿ ವಸಿಯ್ಯತ್ತನ್ನು ಕಡ್ಡಾಯವೇ ಮಾಡಿತು. ನಮ್ಮಲ್ಲಿ ಅಂಥ ಕಾನೂನಿಲ್ಲ, ಅಜ್ಜನೇ ಬರೆಯಬೇಕು. ಸಾಕುಮಗಳು, ವಿಧವೆ ಸೊಸೆ, ಕಷ್ಟಕಾಲದಲ್ಲಿ ನೆರವಾದ ಹಿಂದೂ ನೆರೆಯವನು, ಇವರಿಗೂ ವಸಿಯ್ಯತ್ ಸಲ್ಲುತ್ತದೆ. ಹೆಣ್ಣುಮಕ್ಕಳ ಪಾಲು ಕುಗ್ಗಿಸಲೆಂದೇ ಧರ್ಮಕಾರ್ಯಕ್ಕೆ ಬರೆಯುವುದು ಮಾತ್ರ ಬೇರೆ ವಿಷಯ. ಅಂಥ ಹಾನಿಕರ ವಸಿಯ್ಯತ್ತನ್ನು ಕುರ್‌ಆನ್ ಅದೇ 12ನೆಯ ಸೂಕ್ತದಲ್ಲಿ ತಡೆದಿದೆ.

ಭೂಮಿಯನ್ನು ವಕ್ಫ್ ಮಾಡುವ ಇಚ್ಛೆಯಿದ್ದವರು, 2025ರ ತಿದ್ದುಪಡಿಯ ನಂತರ ಬರವಣಿಗೆಯ ವಕ್ಫ್ ಪತ್ರವಿಲ್ಲದೆ ಹೊಸ ವಕ್ಫ್ ಆಗದೆಂಬುದನ್ನು ತಿಳಿದಿರಬೇಕು. ಆ ಭೂಮಿಯ ಉತಾರ ತಮ್ಮ ಹೆಸರಿನಲ್ಲೇ ಇದೆಯೇ, ಅಣ್ಣತಮ್ಮಂದಿರ ವಾಟಣಿ ಆಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಮರಣಶಯ್ಯೆಯಲ್ಲಿ ಕೊಟ್ಟ ದಾನಕ್ಕೂ ಮೂರನೆಯ ಒಂದರ ಮಿತಿಯೇ ಅನ್ವಯಿಸುತ್ತದೆ. ಆರೋಗ್ಯವಿದ್ದಾಗ, ಹಣದ ಆಸೆಯೂ ಬಡತನದ ಭಯವೂ ಇದ್ದಾಗ ಕೊಟ್ಟದ್ದೇ ಶ್ರೇಷ್ಠ ದಾನ, ಪ್ರಾಣ ಗಂಟಲಿಗೆ ಬಂದಾಗ ಹಂಚುವುದಲ್ಲ ಎಂದು ಪ್ರವಾದಿ(ಸ) ಹೇಳಿದ್ದನ್ನು ಇದರೊಡನೆ ಓದಬೇಕು.

ಬರೆಯುವ ಕ್ರಮ ಸುಲಭ. ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಆದರೂ ತಾಲ್ಲೂಕಿನ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ತಕರಾರು ಕಡಿಮೆ. ಗುಟ್ಟಾಗಿಡಬೇಕೆಂದರೆ ಲಕೋಟೆಗೆ ಮೊಹರು ಹಾಕಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಇಡುವ ಅವಕಾಶವಿದೆ. ಅಲ್‌ಮಾಇದಃ ಅಧ್ಯಾಯದ 106ನೆಯ ಸೂಕ್ತ ಸೂಚಿಸುವಂತೆ ನ್ಯಾಯವಂತರಾದ ಇಬ್ಬರು ಸಾಕ್ಷಿಗಳ ಸಹಿ ಇರಲಿ. ವಸಿಯ್ಯತ್ ಪಡೆಯುವವರೇ ಸಾಕ್ಷಿಯಾಗದಿರಲಿ. ಕೊಡಬೇಕಾದ ಸಾಲ, ಬರಬೇಕಾದ ಹಣ, ಬಾಕಿ ಮಹ್ರ್ ಮೊದಲು ಬರೆಯಿರಿ. ದಾನವನ್ನು 'ಇಷ್ಟು ರೂಪಾಯಿ' ಎನ್ನುವ ಬದಲು 'ಸಾಲ ತೀರಿ ಉಳಿದುದರ ಆರನೆಯ ಒಂದು' ಎಂಬಂತೆ ಬರೆದರೆ ಆಸ್ತಿ ಏರಿಳಿದರೂ ಮಿತಿ ಮೀರದು. ಜಾರಿಗೊಳಿಸುವ ಒಬ್ಬ ವಸೀಯ ಹೆಸರು ಕಾಣಿಸಿ, ಬ್ಯಾಂಕಿನ ನಾಮಿನಿಯೂ ಅವರೇ ಆದರೆ ಕೆಲಸ ಸಲೀಸು. ಜೀವವಿರುವವರೆಗೆ ವಸಿಯ್ಯತ್ತನ್ನು ಬದಲಿಸುವ, ರದ್ದುಪಡಿಸುವ ಅಧಿಕಾರ ಬರೆದವರಿಗೇ ಇದೆ. ಬದಲಿಸಿದಾಗ ತಾರೀಖು ಹಾಕಿ, ಹಳೆಯದನ್ನು ಹರಿದುಬಿಡಿ.