ಹಡಗನ್ನೇ ಕಟಕಟೆಗೆ ತರುವ ವಕೀಲರು

ಪ್ರಶ್ನೆ: ಹೈಕೋರ್ಟ್ ಆದೇಶದ ಮೇಲೆ ಹಡಗೊಂದನ್ನು ‘ಬಂಧಿಸಿದರು’ ಎಂದು ಪತ್ರಿಕೆಯಲ್ಲಿ ಓದಿದೆ. ಜೀವವಿಲ್ಲದ ವಸ್ತುವನ್ನು ಬಂಧಿಸುವುದು ಹೇಗೆ? ಕಡಲು ಮತ್ತು ಸಾಗಾಟದ ಕೇಸುಗಳನ್ನಷ್ಟೇ ನಡೆಸುವ ವಕೀಲರ ಸಂಸ್ಥೆಗಳಿವೆಯಂತೆ. ಅಲ್ಲಿನವರು ದಿನವಿಡೀ ಏನು ಮಾಡುತ್ತಾರೆ? ನಮ್ಮಂಥವರಿಗೆ ಅವರಿಂದ ಏನಾದರೂ ಉಪಯೋಗ ಉಂಟೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಬಂಧಿಸುವುದು ನಿಜ, ಬರೀ ಮಾತಿನ ಅಲಂಕಾರವಲ್ಲ. ಕಡಲ ಕಾನೂನಿನ ಕಣ್ಣಿಗೆ ಹಡಗು ಯಾರದೋ ಆಸ್ತಿಯಷ್ಟೇ ಅಲ್ಲ, ಸ್ವತಃ ಪ್ರತಿವಾದಿ. ದಾವೆಯ ಕಾಗದದಲ್ಲಿ ಎದುರು ಪಕ್ಷದ ಜಾಗದಲ್ಲಿ ‘ಎಂ.ವಿ.’ (ಮೋಟಾರ್ ವೆಸೆಲ್) ಎಂಬ ಎರಡಕ್ಷರದ ಮುಂದೆ ಹಡಗಿನ ಹೆಸರೇ ಇರುತ್ತದೆ.

ಹೀಗೇಕೆ ಎಂದರೆ, ಹಡಗಿನ ಮಾಲೀಕ ಸುಲಭಕ್ಕೆ ಕೈಗೆ ಸಿಗುವವನಲ್ಲ. ಹಡಗಿನ ನೋಂದಣಿ ಪನಾಮಾದಲ್ಲೋ ಲೈಬೀರಿಯಾದಲ್ಲೋ ಇರುತ್ತದೆ. ಮಾಲೀಕತ್ವ ಆ ಒಂದೇ ಹಡಗಿಗಾಗಿ ಹುಟ್ಟಿಸಿದ ಕಂಪನಿಯ ಹೆಸರಿನಲ್ಲಿ, ನಿರ್ವಹಣೆ ಸಿಂಗಪುರದಲ್ಲಿ, ವಿಮೆ ಲಂಡನ್ನಿನಲ್ಲಿ. ದುಡಿಯುವವರು ನಮ್ಮ ಕರಾವಳಿಯವರು, ಕೇರಳದವರು, ಫಿಲಿಪ್ಪೀನ್ಸಿನವರು. ಡೀಸೆಲ್ ತುಂಬಿಸಿ ಹಣ ಬಾರದವನು, ಸರಕು ಹಾಳಾದವನು, ಸಂಬಳ ಸಿಗದ ಖಲಾಸಿ ಯಾರ ಮನೆ ಬಾಗಿಲು ತಟ್ಟಬೇಕು? ಕಣ್ಣೆದುರು ಇರುವುದು ಹಡಗೊಂದೇ. ಅದೂ ಎರಡು ದಿನ ದಕ್ಕೆಯಲ್ಲಿದ್ದು ಸರಕಿಳಿಸಿ ಹೊರಟುಬಿಡುತ್ತದೆ. ಸಿಕ್ಕಾಗ ಅದನ್ನೇ ಹಿಡಿ ಎಂದು ಕಾನೂನು ಹೇಳಿದ್ದು ಈ ಕಾರಣಕ್ಕೆ. ಈ ವಕೀಲರ ಕಸುಬನ್ನು ಉಳಿದವರ ವಕೀಲಿಕೆಯಿಂದ ಬೇರೆ ಮಾಡುವುದೂ ಇದೇ: ಅವರು ಗಡಿಯಾರದ ಎದುರು ಕೆಲಸ ಮಾಡುತ್ತಾರೆ.

ನಮ್ಮ ದೇಶದಲ್ಲಿ ಈ ಅಧಿಕಾರ ಗಟ್ಟಿಯಾದದ್ದು ಪಕ್ಕದ ಗೋವಾದಿಂದ ಹೊರಟ ಒಂದು ಹಡಗಿನಿಂದ. 1984ರ ಫೆಬ್ರುವರಿಯಲ್ಲಿ ‘ಎಂ.ವಿ. ಎಲಿಜಬೆತ್’ ಮರ್ಮಗೋವಾದಲ್ಲಿ ಸರಕು ತುಂಬಿಕೊಂಡು, ಸರಕಿನವರಿಗೆ ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಹತ್ತಿಸಿಕೊಂಡ ರಸೀದಿ, ಕೊಡದೆ ಹೊರಟುಹೋಯಿತು. ಬೇಡವೆಂದರೂ ಪರದೇಶದಲ್ಲಿ ಸರಕನ್ನು ಇಳಿಸಿಕೊಟ್ಟಿತು. ಏಪ್ರಿಲ್‌ನಲ್ಲಿ ಅದೇ ಹಡಗು ವಿಶಾಖಪಟ್ಟಣಕ್ಕೆ ಬಂದಾಗ ಆಂಧ್ರಪ್ರದೇಶ ಹೈಕೋರ್ಟ್ ಅದನ್ನು ಹಿಡಿಸಿತು. ಮಾಲೀಕರ ತಕರಾರು ಹೀಗಿತ್ತು: ಹಡಗು ಹಿಡಿಯುವ ಅಧಿಕಾರ ಬ್ರಿಟಿಷರು ಕೊಟ್ಟದ್ದು ಬಾಂಬೆ, ಕಲ್ಕತ್ತಾ, ಮದ್ರಾಸ್ ಹೈಕೋರ್ಟುಗಳಿಗೆ ಮಾತ್ರ, ಅದೂ ಒಳಬರುವ ಸರಕಿನ ವಿಷಯದಲ್ಲಿ ಮಾತ್ರ. 1992ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ಸ್ವತಂತ್ರ ದೇಶದ ಹೈಕೋರ್ಟಿನ ಕೈಯನ್ನು ವಸಾಹತು ಕಾಲದ ಕಾಯ್ದೆ ಕಟ್ಟಿಹಾಕಲಾರದು ಎಂಬುದು ಆ ತೀರ್ಪಿನ ತಿರುಳು. ನನ್ನ ಮಟ್ಟಿಗೆ ನಮ್ಮ ನ್ಯಾಯಾಲಯಗಳ ದೊಡ್ಡ ತೀರ್ಪುಗಳಲ್ಲಿ ಅದೂ ಒಂದು, ಆದರೆ ಕರಾವಳಿಯಲ್ಲೇ ಅದರ ಹೆಸರು ಕೇಳಿದವರು ಕಡಿಮೆ.

ಸಂಸತ್ತು ಹೊಸ ಅಡ್ಮಿರಾಲ್ಟಿ (ಕಡಲ ವ್ಯಾಜ್ಯಗಳ) ಕಾಯ್ದೆ ಮಾಡಿದ್ದು 2017ರಲ್ಲಿ. ಜಾರಿಗೆ ಬಂದದ್ದು 2018ರ ಏಪ್ರಿಲ್ 1ರಂದು. ಅದರಲ್ಲಿ ಹೆಸರಿಸಿದ ಎಂಟು ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಹಾಗಾಗಿ ಪಣಂಬೂರಿನ ಬಂದರಿನಲ್ಲಿ ನಿಂತ ಹಡಗಿಗೆ ಬೆಂಗಳೂರಿನಲ್ಲಿ ಕುಳಿತ ನ್ಯಾಯಮೂರ್ತಿಯ ಆದೇಶ ಅಂಟುತ್ತದೆ.

ಅಂಟುತ್ತದೆ ಎಂದದ್ದು ಅಕ್ಷರಶಃ. ವಕೀಲರಿಗೆ ಫೋನ್ ಬರುವುದು ಹೆಚ್ಚಾಗಿ ಹಡಗು ಹೊರಡುವ ಹಿಂದಿನ ದಿನ. ರಾತ್ರಿಯೇ ದಾವೆ ಬರೆದು, ಬೆಳಿಗ್ಗೆ ತುರ್ತಾಗಿ ಕೇಳಿಕೊಂಡರೆ, ಎದುರು ಪಕ್ಷಕ್ಕೆ ನೋಟಿಸ್ ಕೊಡದೆಯೂ ಆದೇಶ ಸಿಗಬಹುದು. ಆದೇಶದ ಪ್ರತಿ ಬಂದರಿನ ಅಧಿಕಾರಿಗೂ ಕಸ್ಟಮ್ಸಿಗೂ ಹೋಗುತ್ತದೆ. ಕಸ್ಟಮ್ಸ್ ಹೊರಡುವ ಅನುಮತಿ ತಡೆಹಿಡಿಯುತ್ತದೆ, ಬಂದರು ದಾರಿ ತೋರಿಸುವ ಪೈಲಟ್ ಕೊಡುವುದಿಲ್ಲ. ಕೋರ್ಟಿನ ಸಿಬ್ಬಂದಿ ದೋಣಿಯಲ್ಲಿ ಹೋಗಿ, ಹಗ್ಗದ ಏಣಿ ಹತ್ತಿ, ವಾರಂಟನ್ನು ಕ್ಯಾಪ್ಟನ್ನನ ಕೈಗೆ ಕೊಟ್ಟು, ಇನ್ನೊಂದು ಪ್ರತಿಯನ್ನು ಚುಕ್ಕಾಣಿ ಕೋಣೆಯ ಗಾಜಿಗೆ ಅಂಟಿಸುತ್ತಾರೆ. ಹಿಂದೆ ಅದನ್ನು ಪಟಸ್ತಂಭಕ್ಕೆ ಮೊಳೆ ಹೊಡೆದು ನಿಲ್ಲಿಸುತ್ತಿದ್ದರು. ಮಾಲೀಕ ಬ್ಯಾಂಕ್ ಗ್ಯಾರಂಟಿಯನ್ನೋ ನಗದನ್ನೋ ಇಟ್ಟರೆ ಹಡಗಿಗೆ ಬಿಡುಗಡೆ. ಇಡದಿದ್ದರೆ ಕೋರ್ಟು ಹಡಗನ್ನೇ ಹರಾಜು ಹಾಕಿ ಹಣ ಹಂಚುತ್ತದೆ. ಸುಮ್ಮನೆ ಹಿಡಿಸಿದವನನ್ನೂ ಕಾಯ್ದೆ ಬಿಟ್ಟಿಲ್ಲ. ನಷ್ಟ ತುಂಬಿಕೊಡುತ್ತೇನೆ ಎಂಬ ಮುಚ್ಚಳಿಕೆಯನ್ನು ಅವನಿಂದ ಬರೆಸಿಕೊಳ್ಳಬಹುದು.

ಇನ್ನು ಅವರ ದಿನಚರಿ. ಈ ವಕೀಲರು ತಮ್ಮ ಕೆಲಸವನ್ನು ‘ಡ್ರೈ’ ಮತ್ತು ‘ವೆಟ್’ ಎಂದು ಎರಡು ಮಾಡುತ್ತಾರೆ. ಡ್ರೈ ಎಂದರೆ ಕಾಗದದ ಕೆಲಸ: ಹಡಗು ಬಾಡಿಗೆಯ ಕರಾರು, ಬಿಲ್ ಆಫ್ ಲೇಡಿಂಗ್, ವಿಮೆ. ಹೆಚ್ಚಿನವರ ಅನ್ನ ಇದರಲ್ಲೇ. ಸರಕು ಇಳಿಸಲು ಇಂತಿಷ್ಟು ದಿನ ಎಂದು ಕರಾರಿರುತ್ತದೆ. ಮೀರಿದರೆ ದಿನದ ಲೆಕ್ಕದಲ್ಲಿ ಡೆಮರೇಜ್ ಎಂಬ ತಡದ ಶುಲ್ಕ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಗೊಬ್ಬರದ ಹಡಗಿನ ಮುಚ್ಚಳ ತೆರೆಯುವಂತಿಲ್ಲ. ಹಾಗಾದರೆ ಆ ದಿನ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ? ಯಾವ ಹೊತ್ತಿಗೆ ಮಳೆ ಶುರುವಾಯಿತು, ಯಾವ ಹೊತ್ತಿಗೆ ನಿಂತಿತು ಎಂದು ಹಡಗಿನ ಪುಸ್ತಕದಲ್ಲಿ ಗಂಟೆ, ನಿಮಿಷ ಬರೆದಿರುತ್ತಾರೆ. ಆ ನಿಮಿಷಗಳ ಮೇಲೆ ಲಕ್ಷಗಟ್ಟಲೆ ರೂಪಾಯಿಯ ವಾದ ನಡೆಯುತ್ತದೆ. ಅದು ತೀರ್ಮಾನವಾಗುವುದು ಹೆಚ್ಚಾಗಿ ಲಂಡನ್ ಅಥವಾ ಸಿಂಗಪುರದ ಪಂಚಾಯ್ತಿಕೆಯಲ್ಲಿ.

ವೆಟ್ ಎಂದರೆ ನೀರಿಗಿಳಿಯುವ ಕೆಲಸ: ಡಿಕ್ಕಿ, ಬೆಂಕಿ, ಮುಳುಗಡೆ. 2009ರ ಜುಲೈಯಲ್ಲಿ ‘ಏಷಿಯನ್ ಫಾರೆಸ್ಟ್’ ಎಂಬ ಹಡಗು ನವಮಂಗಳೂರಿನಿಂದ ಸುಮಾರು 13,600 ಟನ್ ಕಬ್ಬಿಣದ ಅದಿರಿನ ಪುಡಿ ಹೊತ್ತು ಹೊರಟು ಹೊರಗಡೆಯೇ ಮುಳುಗಿತು. ಅದರಲ್ಲಿದ್ದ 18 ಜನರೂ ಬದುಕಿದರು. ಮಳೆಗಾಲದ ಅದಿರಿನ ಪುಡಿ ಕಣ್ಣಿಗೆ ಒಣಗಿದಂತೆ ಕಂಡರೂ ಒಳಗೆ ನೀರಿರುತ್ತದೆ. ಹಡಗು ಕುಲುಕಿದ ಹಾಗೆ ಆ ನೀರು ಮೇಲೆದ್ದು, ರಾಶಿಗೆ ರಾಶಿಯೇ ಕೆಸರಾಗಿ ಒಂದು ಪಕ್ಕಕ್ಕೆ ಜಾರುತ್ತದೆ. ಅಂಥ ಹಡಗು ಮತ್ತೆ ನೆಟ್ಟಗಾಗದು. ಇಂಥ ಪ್ರಕರಣದಲ್ಲಿ ವಕೀಲ ಮೊದಲು ಹುಡುಕುವುದು ಒಂದು ಚೀಟಿಯನ್ನು. ಅದಿರಿನಲ್ಲಿ ತೇವ ಶೇಕಡಾ ಎಷ್ಟು ಎಂದು ತುಂಬುವ ಮೊದಲು ಯಾರು ಬರೆದುಕೊಟ್ಟರು? ಮಾದರಿ ತೆಗೆದದ್ದು ರಾಶಿಯ ಮೇಲಿಂದಲೋ ಒಳಗಿಂದಲೋ? ಕಾನೂನಿನ ಜೊತೆ ಅದಿರು, ಅಲೆ, ಎಂಜಿನ್ನುಗಳ ಜ್ಞಾನ ಬೇಕಾಗುವುದು ಇಲ್ಲಿ. ಎಷ್ಟೋ ವರ್ಷ ಹಡಗು ನಡೆಸಿದ ಕ್ಯಾಪ್ಟನ್ನುಗಳು ದಡಕ್ಕೆ ಬಂದು ಕಾನೂನು ಓದಿ ಇಂಥ ಸಂಸ್ಥೆಗಳಿಗೆ ಸೇರುವುದೂ ಇದಕ್ಕೇ.

ಡಿಕ್ಕಿಯಾದರೆ ಅವರ ಮೊದಲ ಪ್ರಶ್ನೆ, “ವಿಡಿಆರ್ ಸೇವ್ ಮಾಡಿದ್ದೀರಾ?” ವಿಡಿಆರ್ ಎಂದರೆ ವಿಮಾನದ ಕಪ್ಪುಪೆಟ್ಟಿಗೆಯಂಥದು. ಚುಕ್ಕಾಣಿ ಕೋಣೆಯ ಮಾತು, ರೇಡಾರಿನ ಚಿತ್ರ, ವೇಗ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಆದರೆ ಹಳೆಯ ಯಂತ್ರಗಳು 12 ಗಂಟೆ ಕಳೆದರೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತವೆ. ಒಂದು ಗುಂಡಿ ಒತ್ತದೆ ಹೋದರೆ ಸಾಕ್ಷ್ಯವೇ ಅಳಿಸಿಹೋಗುತ್ತದೆ.

2021ರ ಏಪ್ರಿಲ್ 13ರ ನಸುಕಿನಲ್ಲಿ ಮಂಗಳೂರಿನಿಂದ ನಲವತ್ತು ನಾಟಿಕಲ್ ಮೈಲಿಗೂ ಆಚೆ, ಬೇಪೂರಿನಿಂದ ಬಂದ ‘ರಬಾ’ ಎಂಬ ಮೀನುಗಾರಿಕಾ ದೋಣಿಗೂ ‘ಎಪಿಎಲ್ ಲೆ ಹಾವ್ರ್’ ಎಂಬ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದ 14 ಮಂದಿಯಲ್ಲಿ ಜೀವಸಹಿತ ಸಿಕ್ಕವರು ಇಬ್ಬರೇ. ಇಂಥ ದುರಂತದ ನಂತರ ಹಡಗಿನ ಪರವಾಗಿ ಸಲಹೆಗಾರರು, ವಿಮೆಯವರು, ತನಿಖೆಯ ತಜ್ಞರು ಗಂಟೆಗಳೊಳಗೆ ಕೆಲಸಕ್ಕಿಳಿಯುತ್ತಾರೆ. ದಡದಲ್ಲಿ ಕಾಯುವ ಹೆಂಡತಿ ಮಕ್ಕಳಿಗೆ ಆ ಹೊತ್ತಿಗೆ ವಕೀಲರ ಯೋಚನೆಯೇ ಬಂದಿರುವುದಿಲ್ಲ. ಈ ವಿಷಯದಲ್ಲಿ ನನ್ನನ್ನು ಬಹಳ ಕಾಡುವುದು ಈ ಅಂತರ.

ಮಾಲೀಕರ ಪರದ ವಕೀಲರು ಎಷ್ಟು ಚುರುಕು ಎನ್ನುವುದಕ್ಕೆ ಅಮೆರಿಕದ ಬಾಲ್ಟಿಮೋರ್ ನೋಡಿ. 2024ರ ಮಾರ್ಚ್ 26ರಂದು ‘ಡಾಲಿ’ ಹಡಗು ಅಲ್ಲಿನ ಸೇತುವೆಗೆ ಬಡಿದು ಆರು ಕಾರ್ಮಿಕರು ಸತ್ತರು. ಹಡಗಿನ ಸಿಬ್ಬಂದಿಯಲ್ಲಿ ಬಹುತೇಕ ಎಲ್ಲರೂ ಭಾರತೀಯರು. ಏಪ್ರಿಲ್ 1ಕ್ಕೆ ಮಾಲೀಕರ ಅರ್ಜಿ ಕೋರ್ಟಿನಲ್ಲಿತ್ತು: 1851ರ ಅಮೆರಿಕನ್ ಕಾಯ್ದೆಯ ಪ್ರಕಾರ ನಮ್ಮ ಹೊಣೆಯನ್ನು ಸುಮಾರು 4.37 ಕೋಟಿ ಡಾಲರಿಗೆ ಮಿತಿಗೊಳಿಸಿ ಎಂದು. ಹೊಣೆಗೆ ಮಿತಿ ಹಾಕುವ ಈ ನಿಯಮ ಬೇರೆ ಬೇರೆ ರೂಪದಲ್ಲಿ ಭಾರತದಲ್ಲೂ ಇದೆ. ಒಂದೇ ಅಪಘಾತಕ್ಕೆ ದಿವಾಳಿಯಾಗುವ ಭಯವಿದ್ದರೆ ಹಡಗು ನಡೆಸಲು ಯಾರೂ ಮುಂದೆ ಬಾರರು ಎಂಬ ಕಾಲದ ನಿಯಮ ಅದು. ವಿಮೆ ಇಷ್ಟು ಬೆಳೆದಿರುವ ಈ ದಿನಗಳಲ್ಲಿ, ಜೀವ ಹೋದ ಕಡೆಗೂ ಅದೇ ಮಿತಿ ಸರಿ ಎಂದು ನನಗೆ ಅನ್ನಿಸುವುದಿಲ್ಲ.

ಒಂದು ಹಡಗು ಮುಳುಗಿಹೋದರೆ ಹಿಡಿಯುವುದೇನನ್ನು? ಅದಕ್ಕೂ ದಾರಿಯಿದೆ. ಅದೇ ಮಾಲೀಕನ ಇನ್ನೊಂದು ಹಡಗನ್ನು, ಅಂದರೆ ಸೋದರಿ ಹಡಗನ್ನು ಹಿಡಿಸಬಹುದು. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಹೊರಗೆ ‘ಎಂಎಸ್‌ಸಿ ಎಲ್ಸಾ 3’ ಕಂಟೇನರುಗಳ ಸಮೇತ ಮುಳುಗಿತು. ಜುಲೈಯಲ್ಲಿ ವಿಳಿಂಜಂಗೆ ಬಂದಿದ್ದ ‘ಎಂಎಸ್‌ಸಿ ಅಕಿಟೆಟಾ 2’ ಹಡಗನ್ನು ಹಿಡಿದಿಡಲು ಕೇರಳ ಹೈಕೋರ್ಟ್ ಆದೇಶಿಸಿತು. ಕೇರಳ ಸರ್ಕಾರ ಕೇಳಿದ ಪರಿಹಾರ 9,531 ಕೋಟಿ ರೂಪಾಯಿ.

ಸಾಗಾಟದ ಕಾನೂನು ಕಡಲಿಗಷ್ಟೇ ನಿಲ್ಲುವುದಿಲ್ಲ, ಲಾರಿ, ರೈಲು, ವಿಮಾನವೂ ಇವರದೇ. ಬಜ್ಪೆಯಲ್ಲಿ 2010ರ ಮೇ 22ರಂದು ನಡೆದ ವಿಮಾನ ದುರಂತ ನಮ್ಮವರಾರೂ ಮರೆತಿಲ್ಲ. 158 ಜನ ಹೋದರು. ಅಂತರರಾಷ್ಟ್ರೀಯ ಪ್ರಯಾಣವಾದ್ದರಿಂದ ಪರಿಹಾರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಸಿಗಬೇಕಿತ್ತು. ಎಷ್ಟು ಎನ್ನುವುದರ ಮೇಲೆ ವರ್ಷಗಟ್ಟಲೆ ಹೋರಾಟ ನಡೆಯಿತು. ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು 2020ರಲ್ಲಿ, ಅಂದರೆ ಹತ್ತು ವರ್ಷದ ಮೇಲೆ. ಆ ಒಪ್ಪಂದದಲ್ಲಿ ದಾವೆ ಹೂಡಲು ಇರುವುದು ಎರಡೇ ವರ್ಷ. ಲಾರಿಯಲ್ಲಿ ಕಳಿಸಿದ ಸಾಮಾನು ಹಾಳಾದರೆ, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡದೆ ದಾವೆಯೇ ಇಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ. ಬೈಂದೂರಿನಿಂದ ಉಳ್ಳಾಲದವರೆಗೆ ಎಷ್ಟೋ ಮನೆಗಳ ಮಕ್ಕಳು ಹಡಗಿನಲ್ಲಿದ್ದಾರೆ. ಅವರಿಗೆ 2017ರ ಕಾಯ್ದೆ ದೊಡ್ಡ ಬಲ ಕೊಟ್ಟಿದೆ. ಹಡಗು ಹರಾಜಾದರೆ ಅದರ ಮೇಲಿನ ಹಕ್ಕುಗಳಲ್ಲಿ ಮೊದಲ ಸಾಲು ನಾವಿಕರ ಸಂಬಳ ಮತ್ತು ಊರಿಗೆ ಮರಳುವ ಖರ್ಚಿನದು. ಎರಡನೆಯದು ಹಡಗಿನಿಂದಾದ ಪ್ರಾಣಹಾನಿ, ಗಾಯದ್ದು. ಅಡಮಾನ ಹಿಡಿದ ಬ್ಯಾಂಕು ನಿಲ್ಲುವುದು ಇವರೆಲ್ಲರ ಹಿಂದೆ.

ಆದ್ದರಿಂದ ಮನೆಯ ಹುಡುಗ ಹಡಗು ಹತ್ತುವ ಮೊದಲು, ಕಳಿಸುವ ಏಜೆನ್ಸಿಗೆ ಕೇಂದ್ರದ ಹಡಗು ಸಾರಿಗೆ ನಿರ್ದೇಶನಾಲಯ (ಡಿಜಿ ಶಿಪ್ಪಿಂಗ್) ಕೊಟ್ಟ ನಾವಿಕರ ನೇಮಕಾತಿಯ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದೆಯೇ ನೋಡಿ. ಕರಾರಿನ ಒಂದು ಪ್ರತಿ ಮನೆಯಲ್ಲಿರಲಿ, ಹಡಗಿನ ಹೆಸರಿನ ಜೊತೆ ಅದರ ಐಎಂಒ ನಂಬರನ್ನೂ ಬರೆದಿಡಿ. ಹೆಸರು ಬದಲಾದರೂ ಆ ನಂಬರ್ ಬದಲಾಗದು. ಎರಡು ತಿಂಗಳ ಸಂಬಳ ಬಾಕಿಯಾಯಿತೋ, ಅಂತರರಾಷ್ಟ್ರೀಯ ನಿಯಮದಂತೆ ಅದು ನಾವಿಕನನ್ನು ಕೈಬಿಟ್ಟಂತೆಯೇ. ನಾಲ್ಕು ತಿಂಗಳವರೆಗಿನ ಸಂಬಳಕ್ಕೆ ವಿಮೆಯ ಭದ್ರತೆ ಇರಲೇಬೇಕು. ‘ಎಲ್ಲ ಬಾಕಿ ಸಂದಿದೆ’ ಎಂಬ ಕಾಗದಕ್ಕೆ ಹಣ ಕೈಸೇರದೆ ಸಹಿ ಹಾಕಬೇಡಿ. ಹಡಗು ಯಾವುದಾದರೂ ಭಾರತೀಯ ಬಂದರಿಗೆ ಬರುವ ಸುದ್ದಿ ಸಿಕ್ಕ ದಿನವೇ ಈ ಕೆಲಸ ಬಲ್ಲ ವಕೀಲರ ಬಳಿ ಹೋಗಿ. ಹಡಗಿನ ಮೇಲಿನ ಈ ಹಕ್ಕು ಸಂಬಳಕ್ಕಾದರೆ ಎರಡು ವರ್ಷ, ಪ್ರಾಣಹಾನಿಗಾದರೆ ಒಂದೇ ವರ್ಷ ಜೀವಂತ ಇರುತ್ತದೆ.